ಕಂಪ್ಯೂಟರ್ ಮುಳುಗಿಸಲು ಲೈಟ್ ಲಿಕ್ವಿಡ್ ಪ್ಯಾರಫಿನ್: ತುಮಕೂರಿನ ಬೇಸಿಗೆಗೆ ನಡೆಯುತ್ತಾ?

ಕಂಪ್ಯೂಟರ್ ತಣ್ಣಗಿಡಲು ಅದನ್ನೇ ಲೈಟ್ ಲಿಕ್ವಿಡ್ ಪ್ಯಾರಫಿನ್‌ನಲ್ಲಿ, ಅಂದರೆ ವಿದ್ಯುತ್ ಹರಿಯದ ತೆಳು ಖನಿಜ ಎಣ್ಣೆಯಲ್ಲಿ, ಮುಳುಗಿಸಿಡುವ ವಿಷಯ ಇದು. ಎಣ್ಣೆಗೆ ನನ್ನ ಅಂಕ ಐದಕ್ಕೆ ನಾಲ್ಕು. ಪಂಪಿನಿಂದ ಬಂದ ಬಿಸಿ ಎಣ್ಣೆಯನ್ನು ತಣಿಸುವ ರೇಡಿಯೇಟರ್ ಇಲ್ಲದೆ, ಬರೀ ಎಣ್ಣೆ ತುಂಬಿದ ತೊಟ್ಟಿಗೆ ಐದಕ್ಕೆ ಒಂದು.

ಲೆಕ್ಕ ಹಾಕಿ ನೋಡಿ. 30 ಲೀಟರ್ ಪ್ಯಾರಫಿನ್ ಸುಮಾರು 25 ಕೆ.ಜಿ. ತೂಗುತ್ತದೆ. ಅದು 1 ಡಿಗ್ರಿ ಬಿಸಿಯಾಗಲು ಹತ್ತಿರ ಹತ್ತಿರ 48 ಕಿಲೋಜೂಲ್ ಸಾಕು. 200 ವ್ಯಾಟ್ ತಿನ್ನುವ ಕಂಪ್ಯೂಟರ್‌ಗೆ ಅದು ನಾಲ್ಕೇ ನಿಮಿಷದ ಕೆಲಸ. ಮೊದಲ ಅರ್ಧ ಗಂಟೆ ಎಲ್ಲ ತಣ್ಣಗಿದೆ ಅನಿಸುತ್ತದೆ. ಯೂಟ್ಯೂಬಿನಲ್ಲಿ ತೋರಿಸುವುದೂ ಅಷ್ಟನ್ನೇ. ಏಪ್ರಿಲ್ ಮಧ್ಯಾಹ್ನ ಕೋಣೆಯೇ 35 ಡಿಗ್ರಿ ಇದ್ದಾಗ ಮೂರು ನಾಲ್ಕು ಗಂಟೆ ಓಡಿಸಿ, ಆಮೇಲೆ ಗಾಜು ಮುಟ್ಟಿ ನೋಡಿ: ಎಣ್ಣೆ 60 ಡಿಗ್ರಿ ದಾಟಿರುತ್ತದೆ. ಎಣ್ಣೆ ಶಾಖವನ್ನು ಹೊತ್ತು ಸಾಗಿಸುತ್ತದೆ ಅಷ್ಟೇ, ಹೊರಗೆ ಚೆಲ್ಲುವುದು ರೇಡಿಯೇಟರ್. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಮೈಗೆ ರೆಕ್ಕೆಗಳಂತೆ ತಗಡು ಇರುವುದೂ ಇದಕ್ಕೇ.

ಕೊಳ್ಳುವಾಗ ‘ಲೈಟ್’ ಅಂತಲೇ ಕೇಳಿ. ‘ಹೆವಿ’ ದರ್ಜೆಯದು ಮಂದ, ಪಂಪು ಎಳೆಯಲು ಏದುಸಿರು ಬಿಡುತ್ತದೆ. ಮೆಡಿಕಲ್ ಸ್ಟೋರಿನ ಸಣ್ಣ ಬಾಟಲಿ ಲೆಕ್ಕಕ್ಕೆ ದುಬಾರಿ. ಕೆಮಿಕಲ್ ಅಂಗಡಿಯಲ್ಲಿ ಕ್ಯಾನ್ ತೆಗೆದುಕೊಳ್ಳಿ. ಅಡುಗೆ ಎಣ್ಣೆ ಮಾತ್ರ ಬೇಡವೇ ಬೇಡ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇದೆ ಅಂತ ಕೊಬ್ಬರಿ ಎಣ್ಣೆ ಸುರಿದರೆ 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ಅಲುಗುವುದಿಲ್ಲ. ಕಡಲೆಕಾಯಿ ಎಣ್ಣೆ ಬಿಸಿಯಲ್ಲಿ ಕಮಟು ಹಿಡಿದು, ಕೊನೆಗೆ ಅಂಟಾಗುತ್ತದೆ.

ಜೋಡಣೆಯಲ್ಲಿ ಹೆಚ್ಚು ಜನ ಎಡವುವುದು ಪೈಪಿನಲ್ಲಿ. ಅಕ್ವೇರಿಯಂನ ಪಿವಿಸಿ ಪೈಪು ಮೊದಲು ಚೆನ್ನಾಗೇ ಇರುತ್ತದೆ. ಅದನ್ನು ಮೆತ್ತಗಿಟ್ಟಿರುವ ಅಂಶವನ್ನು ಎಣ್ಣೆ ನಿಧಾನಕ್ಕೆ ಹೀರಿಬಿಡುತ್ತದೆ, ಪೈಪು ಒಣಗಿದ ಕಡ್ಡಿಯ ಹಾಗೆ ಸೆಟೆದು ಜಾಯಿಂಟಿನಲ್ಲಿ ಸೀಳುತ್ತದೆ. ಸಿಲಿಕೋನ್ ಪೈಪು ಇನ್ನೊಂದು ಬಗೆ, ಅದು ಊದಿಕೊಳ್ಳುತ್ತದೆ. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಸಿಗುವ ನೈಟ್ರೈಲ್ ರಬ್ಬರಿನ ಡೀಸೆಲ್ ಪೈಪು ತನ್ನಿ. ರೇಡಿಯೇಟರ್ ಎಣ್ಣೆಯ ಮಟ್ಟಕ್ಕಿಂತ ಮೇಲಿರಲಿ. ಕೆಳಗಿಟ್ಟು ಪೈಪು ಕಳಚಿದರೆ ಸೈಫನ್ ಹಿಡಿದು ತೊಟ್ಟಿಯೇ ನೆಲಕ್ಕೆ ಬರುತ್ತದೆ. ಬಿಸಿಗೆ 30 ಲೀಟರ್ ಎಣ್ಣೆ ಅರ್ಧ ಲೀಟರಿಗೂ ಮೀರಿ ಹಿಗ್ಗುತ್ತದೆ, ಆದ್ದರಿಂದ ಮೇಲೆ ಎರಡು ಬೆರಳು ಜಾಗ ಬಿಡಿ.

ಪ್ರೊಸೆಸರ್ ಮತ್ತು ಹೀಟ್‌ಸಿಂಕ್ (ಅದರ ಶಾಖ ಹೀರುವ ಲೋಹದ ತುಂಡು) ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಎಣ್ಣೆ ತೊಳೆದು ಹಾಕುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಪ್ರೊಸೆಸರ್ ಬಿಸಿ ಏರತೊಡಗಿದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಪೇಸ್ಟಿನ ಬದಲು ಗ್ರಾಫೈಟ್ ಪ್ಯಾಡ್ ಹಾಕಿದರೆ ಈ ತಲೆನೋವಿಲ್ಲ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯನ್ನು ಮುಳುಗಿಸಬಹುದು. ಗಾಳಿಕಂಡಿ ಇರುವ ಮಾಮೂಲಿ ಹಾರ್ಡ್ ಡಿಸ್ಕ್ ಮುಳುಗಿಸಿದರೆ ಒಳಗೆ ಎಣ್ಣೆ ಹೋಗಿ ಸತ್ತೇ ಹೋಗುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಹೊರಗೇ ಇರಲಿ, ಅರ್ಥಿಂಗ್ ಸರಿಯಿರಲಿ.

ವೈರುಗಳ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ತಾಮ್ರದ ಎಳೆಗಳ ಸಂದಿಯಲ್ಲಿ, ದೀಪದ ಬತ್ತಿಯಲ್ಲಿ ಏರುವ ಹಾಗೆ, ಎಣ್ಣೆ ಮೇಲೇರುತ್ತದೆ. ವಾರ ಕಳೆಯುವುದರೊಳಗೆ ಕೀಬೋರ್ಡ್ ವೈರಿನ ತುದಿಯಲ್ಲಿ ಒಂದು ಹನಿ, ಕೆಳಗೆ ಮೇಜಿನ ಮೇಲೆ ಜಿಡ್ಡಿನ ವೃತ್ತ. ಮದರ್‌ಬೋರ್ಡಿನ ಪೋರ್ಟುಗಳು ಎಣ್ಣೆಯಿಂದ ಮೇಲೆ ಬರುವಂತೆ ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ಹೊರಗಿನ ವೈರುಗಳ ಮಟ್ಟಿಗೆ ಈ ಕಾಟ ತಪ್ಪುತ್ತದೆ.

ಇಷ್ಟೆಲ್ಲ ಸರಿ ಮಾಡಿದರೆ ಸಿಗುವುದು ಧೂಳಿಲ್ಲದ ಯಂತ್ರ. ಬಿ.ಎಚ್. ರಸ್ತೆಯ ಪಕ್ಕದ ಮನೆಗಳಲ್ಲಿ ಹೀಟ್‌ಸಿಂಕ್ ಮೇಲೆ ಧೂಳು ಹೇಗೆ ಕಂಬಳಿಯಾಗುತ್ತದೆ ಅಂತ ಕಂಡವರಿಗೆ ಇದರ ಬೆಲೆ ಗೊತ್ತು. ಸದ್ದು ಹೆಚ್ಚಾಗಿ ರೇಡಿಯೇಟರ್ ಫ್ಯಾನಿನದು. ಆದರೆ ರಿಪೇರಿಗೆ ಒಂದು ರ‍್ಯಾಮ್ ಎತ್ತಬೇಕೆಂದರೂ ಹಳೇ ಟವಲು, ಗ್ಲೌಸು, ಐಸೊಪ್ರೊಪೈಲ್ ಆಲ್ಕೋಹಾಲ್ ಎಲ್ಲ ಹರಡಿಕೊಂಡೇ ಕೂರಬೇಕು. ಎಷ್ಟು ಒರೆಸಿದರೂ ಸ್ಲಾಟಿನ ಒಳಗೆ ಜಿಡ್ಡು ಉಳಿಯುತ್ತದೆ, ಹಾಗೆ ಕಂಡ ಬೋರ್ಡಿಗೆ ವಾರಂಟಿ ಕೇಳುವ ಹಾಗಿಲ್ಲ.