ಮಿಷನ್ ಟ್ರಿಪ್‌ಗೆ ಹಣ ಕಟ್ಟುವ ಮುಂಚೆ ಆ ಊರಿನ ಪಾಸ್ಟರ್ ಹತ್ರ ಮಾತಾಡಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕ್ರೈಸ್ತ ಸಭೆಗಳವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೇಪಾಳಕ್ಕೆ ಮಿಷನ್ ಟ್ರಿಪ್, ಅಂದರೆ ಅಲ್ಲಿನ ಸಭೆಗಳಲ್ಲಿ ಸೇವೆ ಮಾಡುವ ಪ್ರವಾಸ, ಕರೆದುಕೊಂಡು ಹೋಗ್ತೀವಿ ಅಂತ ಹೆಸರು ಬರೆಸಿಕೊಳ್ಳುವವರು ನಮ್ಮ ಕಡೆ ಮತ್ತೆ ಓಡಾಡುತ್ತಿದ್ದಾರೆ. ಹೋದ ಡಿಸೆಂಬರಿನಲ್ಲಿ ಕಾರವಾರದ ನಮ್ಮ ಸಭೆಯ ತಂಡ ಅವರ ಜೊತೆ ಹೋಗಿತ್ತು. ಸಂಡೇ ಸ್ಕೂಲ್ ಟೀಚರ್ ಆಗಿ ನಾನೂ ಆ ತಂಡದಲ್ಲಿದ್ದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಟ್ರಿಪ್‌ನ ಸಂಯೋಜಕರು ಹೊರಗಿನವರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮಾತಾಡಿ, ಹಳೇ ಟ್ರಿಪ್‌ಗಳ ವಿಡಿಯೋ ತೋರಿಸಿದರು. ಹಿಮದ ಬೆಟ್ಟ, ಚಪ್ಪಾಳೆ ತಟ್ಟುವ ಮಕ್ಕಳು, ಅಳುತ್ತಾ ಪ್ರಾರ್ಥನೆ ಮಾಡುವ ಅಜ್ಜಿಯರು. ನಮ್ಮ ಯೂತ್ ಮಕ್ಕಳಿಗೆ ಅಲ್ಲೇ ಮನಸ್ಸು ಕರಗಿತು. ತಲೆಗೆ 42,000 ರೂಪಾಯಿ ಅಂದರು. ಮೀನು ಮಾರಿ ಮಗಳನ್ನು ಓದಿಸುತ್ತಿರುವ ನಮ್ಮ ಸಭೆಯ ಅಕ್ಕ ಒಬ್ಬರು ಬಳೆ ಅಡವಿಟ್ಟು ಮಗಳ ಪಾಲು ಕಟ್ಟಿದರು. ಹಣ ಸಭೆಯ ಖಾತೆ ಮೂಲಕ ಹೋಗಲಿ ಎಂದು ನಮ್ಮ ಕಮಿಟಿಯವರು ಹೇಳಿದರೆ, ಟಿಕೆಟ್ ಬೇಗ ಮಾಡಬೇಕು ಅಂತ ಅವಸರ ಮಾಡಿ ಸ್ವಂತ ನಂಬರಿಗೆ ಗೂಗಲ್ ಪೇ ಮಾಡಿಸಿಕೊಂಡರು. ರಸೀದಿ ಕೊಡಲಿಲ್ಲ.

ಆಮೇಲೆ ತರಬೇತಿ ಶುರುವಾಯಿತು. ವಾರವಾರ ಸಂಜೆ ಹಾಲ್‌ನಲ್ಲಿ ಸ್ಕಿಟ್, ಹಿಂದಿ ಹಾಡು, ಡ್ಯಾನ್ಸ್ ಸ್ಟೆಪ್ಸ್. ಮಕ್ಕಳು ಮನಸಿಟ್ಟು ಕಲಿತರು. ಆದರೆ ನಾವು ಹೋಗುವ ದೇಶದ ಕಾನೂನು ಏನು, ಯಾವ ದಾಖಲೆ ಬೇಕು, ಯಾರ ಮನೆಯಲ್ಲಿ ಉಳಿಯುತ್ತೇವೆ, ಶುಗರ್ ಇರುವವರು ಇನ್ಸುಲಿನ್ ಹೇಗೆ ಒಯ್ಯಬೇಕು, ಯಾವುದರ ಬಗ್ಗೆಯೂ ಒಂದು ಮಾತಿಲ್ಲ. ಸಮುದ್ರದ ಸೆಕೆಯಲ್ಲಿ ಬೆಳೆದ ನಮಗೆ ಬೆಟ್ಟದ ಚಳಿ ಗೊತ್ತಿಲ್ಲ. ಒಂದು ಸ್ವೆಟರ್ ಸಾಕು ಅಂದರು. ಅಲ್ಲಿನ ಪಾಸ್ಟರ್ ನಂಬರ್ ಕೊಡಿ ಅಂತ ನಾನು ಕೇಳಿದರೆ, "ಅಲ್ಲಿ ನೆಟ್‌ವರ್ಕ್ ಸಿಗಲ್ಲ ಸಿಸ್ಟರ್, ನಂಬಿಕೆ ಇಡಿ" ಅಂದರು. ಐಡಿ ವಿಷಯ ಕೇಳಿದವರಿಗೆ "ಆಧಾರ್ ಸಾಕು, ನೇಪಾಳ ಅಂದ್ರೆ ನಮ್ಮ ಊರಿದ್ದಂಗೆ" ಅನ್ನುವ ಉತ್ತರ.

ದೆಹಲಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇದು ಸುಳ್ಳು ಅಂತ ಗೊತ್ತಾಯಿತು. ನಮಗೆ ನೇಪಾಳಕ್ಕೆ ವೀಸಾ ಬೇಡ, ನಿಜ. ಆದರೆ ವಿಮಾನದಲ್ಲಿ ಹೋಗುವವರ ಕೈಯಲ್ಲಿ ಪಾಸ್‌ಪೋರ್ಟ್ ಇರಬೇಕು, ಇಲ್ಲವಾದರೆ ಚುನಾವಣಾ ಆಯೋಗದ ವೋಟರ್ ಕಾರ್ಡ್. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ ಮಾತ್ರ. 15ರಿಂದ 18ರ ನಡುವಿನವರಿಗೆ ಶಾಲೆಯ ಪ್ರಿನ್ಸಿಪಾಲರು ಕೊಡುವ ಗುರುತಿನ ಪತ್ರ ಬೇಕು. ನಮ್ಮ ಇಬ್ಬರು ಹುಡುಗಿಯರಿಗೆ ಆಗಷ್ಟೇ ಹದಿನೆಂಟು ದಾಟಿತ್ತು, ವೋಟರ್ ಕಾರ್ಡ್ ಆಗಿರಲಿಲ್ಲ. ಅದರಲ್ಲಿ ಒಬ್ಬಳು ಆ ಮೀನು ಮಾರುವ ಅಕ್ಕನ ಮಗಳು. ಕೌಂಟರಿನವರು ಆಧಾರ್ ವಾಪಸ್ ಕೊಟ್ಟಾಗ ಆ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ನಿಂತುಬಿಟ್ಟಳು. ಸಂಯೋಜಕರು "ನೀವು ಊರಿಗೆ ಹೋಗಿ, ನಮಗಾಗಿ ಪ್ರಾರ್ಥನೆ ಮಾಡಿ" ಅಂದು ಒಳಗೆ ನಡೆದರು. ನಮ್ಮ ತಂಡದ ಹಿರಿಯ ಅಣ್ಣ ಒಬ್ಬರು ತಮ್ಮ ಪ್ರಯಾಣ ಬಿಟ್ಟು ಅವರ ಜೊತೆ ನಿಂತರು. ಇಲ್ಲದಿದ್ದರೆ ಆ ಮಕ್ಕಳು ದೆಹಲಿಯಿಂದ ಕಾರವಾರಕ್ಕೆ ಇಬ್ಬರೇ ಬರಬೇಕಿತ್ತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಠ್ಮಂಡುವಿನಿಂದ ಪಶ್ಚಿಮಕ್ಕೆ ಧಾದಿಂಗ್ ಜಿಲ್ಲೆಯ ಒಂದು ಗುಡ್ಡದ ಹಳ್ಳಿಗೆ ನಮ್ಮನ್ನು ಕರೆದೊಯ್ದರು. 2015ರ ಏಪ್ರಿಲ್ ಭೂಕಂಪದಲ್ಲಿ ತುಂಬಾ ಪೆಟ್ಟು ತಿಂದ ಜಿಲ್ಲೆ ಅದು. ನಮ್ಮ ಪಟ್ಟಿಯಲ್ಲಿ "ಭಾನುವಾರ ಬೆಳಿಗ್ಗೆ ದೊಡ್ಡ ಆರಾಧನೆ, ಸ್ಕಿಟ್" ಅಂತಿತ್ತು. ಮಕ್ಕಳು ವೇಷ ಹಾಕಿ ತಯಾರಾದರು. ಸಭೆಯಲ್ಲಿ ಒಂದು ನರಪಿಳ್ಳೆ ಇಲ್ಲ. ನೇಪಾಳದಲ್ಲಿ ವಾರದ ರಜೆ ಶನಿವಾರ, ಸಭೆ ಸೇರುವುದೂ ಶನಿವಾರವೇ. ಭಾನುವಾರ ಅವರೆಲ್ಲ ಕೆಲಸಕ್ಕೆ ಹೋಗಿದ್ದರು. ಅಲ್ಲಿಗೆ ಹಲವು ಸಲ ತಂಡ ಕರೆತಂದಿದ್ದೇನೆ ಅನ್ನುವ ಮನುಷ್ಯನಿಗೆ ಇದು ಗೊತ್ತಿಲ್ಲ ಅಂದರೆ ನೀವೇ ಯೋಚಿಸಿ.

ಅದಕ್ಕಿಂತ ದೊಡ್ಡದು ಕರಪತ್ರದ ವಿಷಯ. ದೆಹಲಿಯಲ್ಲಿ ನಮ್ಮ ಕೈಗೆ ಎರಡು ರಟ್ಟಿನ ಪೆಟ್ಟಿಗೆ ಕೊಟ್ಟಿದ್ದರು. ಮಕ್ಕಳ ಪುಸ್ತಕ ಅಂದಿದ್ದರು. ಅಲ್ಲಿನ ಪಾಸ್ಟರ್ ಮನೆಯಲ್ಲಿ ತೆರೆದರೆ ಒಳಗೆ ಪೂರ್ತಿ ಹಿಂದಿ ಕರಪತ್ರ. ಬಸ್ ಸ್ಟ್ಯಾಂಡಿನಲ್ಲಿ ಹಂಚೋಣ ಅಂತ ಸಂಯೋಜಕರು ಎದ್ದೇಬಿಟ್ಟರು. ಪಾಸ್ಟರ್ ಮಾತಾಡಲಿಲ್ಲ. ಪೆಟ್ಟಿಗೆ ಮುಚ್ಚಿ, ಮಂಚದ ಕೆಳಗೆ ದೂಡಿ, ಮೇಲಿನ ಕಂಬಳಿ ನೆಲದವರೆಗೂ ಎಳೆದು ಬಿಟ್ಟರು. ಆಮೇಲೆ ಹೆಂಡತಿಗೆ ಬಾಗಿಲು ಹಾಕಲು ಹೇಳಿ, ಹಿಂದಿಯಲ್ಲಿ ನಮಗೆ ಹೇಳಿದರು: "ನೀವು ಮುಂದಿನ ವಾರ ಹೋಗ್ತೀರಿ. ನಾನು, ನನ್ನ ಮಕ್ಕಳು ಇಲ್ಲೇ ಇರ್ತೀವಿ."

ನೇಪಾಳದ 2015ರ ಸಂವಿಧಾನ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸಿದೆ. 2018ರಿಂದ ಜಾರಿಯಲ್ಲಿರುವ ದಂಡ ಸಂಹಿತೆಯ ಪ್ರಕಾರ ಇದಕ್ಕೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ ಹಾಕುತ್ತಾರೆ. ಆ ಪೆಟ್ಟಿಗೆ ಹೊತ್ತು ಈ ಅಪಾಯಕ್ಕೆ ತಲೆಕೊಟ್ಟದ್ದು ನಮ್ಮ ಹತ್ತೊಂಬತ್ತು, ಇಪ್ಪತ್ತರ ಮಕ್ಕಳು. ಒಳಗೆ ಏನಿದೆ ಅಂತ ಅವರಿಗೆ ಹೇಳಿರಲೇ ಇಲ್ಲ.

ಆ ಪಾಸ್ಟರ್ ಜೊತೆ ರಾತ್ರಿ ಒಲೆ ಹತ್ತಿರ ಕೂತು ಮಾತಾಡಿದೆ. ಅವರು ಜೇಬಿನಿಂದ ಫೋನ್ ತೆಗೆದು ಮುಂದಿಟ್ಟರು. ನೆಟ್‌ವರ್ಕ್ ಕಡ್ಡಿ ಪೂರ್ತಿ ಇತ್ತು. ನಮ್ಮ ಸಭೆಯ ನಂಬರ್ ಕೊಡಿ ಅಂತ ತಾವೂ ಸಂಯೋಜಕರನ್ನು ಕೇಳಿದ್ದಾಗಿ, ಸಿಗಲಿಲ್ಲವೆಂದು ಹೇಳಿದರು. ಅವರಿಗೆ ಬೇಕಾಗಿದ್ದು ಸ್ಕಿಟ್ ಅಲ್ಲ. ಸಭೆಯ ಹಿಂದಿನ ತಗಡಿನ ಮಾಡು ಸೋರುತ್ತಿತ್ತು, ಅದನ್ನು ಕಟ್ಟಲು ಕೈ ಬೇಕಿತ್ತು. ಸಂಡೇ ಸ್ಕೂಲ್ ನಡೆಸುವ ಹುಡುಗಿಯರ ಜೊತೆ ಕೂತು ಪಾಠ ತಯಾರಿಸುವವರು ಬೇಕಿತ್ತು. ನಮ್ಮ ತಂಡದಲ್ಲಿ ಬಡಗಿ ಕೆಲಸ ಬಲ್ಲವರಿದ್ದರು, ಟೀಚರ್‌ಗಳಿದ್ದರು. ಮೊದಲೇ ಗೊತ್ತಾಗಿದ್ದರೆ ಉಳಿ, ಸುತ್ತಿಗೆ ತರುತ್ತಿದ್ದೆವು ಅಲ್ವಾ?

ಫೋಟೋ ವಿಷಯವೂ ಇದೆ. ಅಲ್ಲಿನ ಮಕ್ಕಳು ಊಟ ಮಾಡುವಾಗ, ಮೂಗು ಸುರಿಸುವಾಗ, ಎಲ್ಲ ವಿಡಿಯೋ. ಯಾವ ತಾಯಿಯನ್ನೂ ಕೇಳಲಿಲ್ಲ. 2024ರ ಜುಲೈನಲ್ಲಿ ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಫೋನ್ ಎತ್ತಿಕೊಂಡು ಬಂದವರನ್ನು ಕಂಡು ನಮಗೇ ಎಷ್ಟು ಸಂಕಟ ಆಗಿತ್ತು. ಆ ತಾಯಂದಿರಿಗೂ ಹಾಗೇ ಆಗಿರಬೇಕು.

ಊರಿಗೆ ಬಂದು ಲೆಕ್ಕ ಕೇಳಿದೆವು. "ದೇವರ ಕೆಲಸಕ್ಕೆ ಲೆಕ್ಕ ಕೇಳಬಾರದು" ಅಂದರು. ದೆಹಲಿಯಿಂದ ವಾಪಸಾದವರಿಗೂ ಒಂದು ರೂಪಾಯಿ ಬರಲಿಲ್ಲ.

ಮಿಷನ್ ಟ್ರಿಪ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಹೋಗುವ ಆಸೆ ಇದೆ, ಅದು ಒಳ್ಳೆಯ ಆಸೆ. ಆದರೆ ಹೆಸರು ಕೊಡುವ ಮೊದಲು ಅಲ್ಲಿನ ಪಾಸ್ಟರಿಗೆ ನೀವೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಇಡೀ ತಂಡ ಕೇಳಿಸಿಕೊಳ್ಳಲಿ. ನಮ್ಮಿಂದ ನಿಮಗೆ ಏನು ಬೇಕು, ಏನು ಮಾಡಬಾರದು ಅಂತ ಕೇಳಿ. ಅವರ ಸಭೆಯ ಕರೆ ಪತ್ರ ತರಿಸಿ. ಹಾಡು, ಸ್ಕಿಟ್ ಎಲ್ಲ ಅದಾದ ಮೇಲೆ. ನಂಬರ್ ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ. ಹಣ ಸಭೆಯ ಖಾತೆಗೇ ಬರಲಿ, ಇಬ್ಬರ ಸಹಿ ಇಲ್ಲದೆ ಹೋಗದಿರಲಿ. ದಾಖಲೆಗಳ ಅಸಲು ಪ್ರತಿಗಳನ್ನು ಎರಡು ಮೂರು ತಿಂಗಳು ಮುಂಚೆಯೇ ಕೈಯಲ್ಲಿ ಹಿಡಿದು ನೋಡಿ, ಆಗ ವೋಟರ್ ಕಾರ್ಡ್ ಮಾಡಿಸಲು ಸಮಯ ಇರುತ್ತದೆ. ಬೇರೆಯವರು ಕೊಟ್ಟ ಪೆಟ್ಟಿಗೆ ತೆರೆದು ನೋಡದೆ ಮುಟ್ಟಬೇಡಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿಯ ಜೊತೆ.

ಈಗಾಗಲೇ ಹಣ ಕಟ್ಟಿದ್ದೀರಾ? ಪಾವತಿಯ ಸ್ಕ್ರೀನ್‌ಶಾಟ್, ವಾಟ್ಸ್ಯಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಟಿಕೆಟ್‌ನ ಪಿಎನ್‌ಆರ್ ನಂಬರ್ ಕೇಳಿ, ನಿಮ್ಮ ಹೆಸರಲ್ಲಿ ಬುಕ್ ಆಗಿದೆಯೋ ಇಲ್ಲವೋ ನೀವೇ ನೋಡಿ. ಆಗಿಲ್ಲ ಅಂದರೆ ಕಾಯಬೇಡಿ, ಹಣ ವಾಪಸ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ನಿಮ್ಮ ಸಭಾ ಕಮಿಟಿಯವರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.