ಬೆಕ್ಕಿನ ಕೊರೊನಾ ಆಂಟಿಬಾಡಿ ಕಿಟ್: ಬಳಸಿದವರ ಮಾತು

ಒಂಬತ್ತು ತಿಂಗಳ ನಮ್ಮ ಗಂಡು ಬೆಕ್ಕು ಊಟ ಬಿಟ್ಟು, ಬೆನ್ನುಮೂಳೆ ಕೈಗೆ ತಾಗುವಷ್ಟು ಸೊರಗಿದ್ದರೂ ಹೊಟ್ಟೆ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು; ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಬಡಾವಣೆಯ ಪಶುವೈದ್ಯರು ಕೊರೊನಾ ಆಂಟಿಬಾಡಿ ಕಿಟ್‌ನಿಂದ ಪರೀಕ್ಷಿಸಿ 1,200 ರೂಪಾಯಿ ಪಡೆದರು.

ಬಳಕೆಯ ಮಟ್ಟಿಗೆ ಕಿಟ್ ಚೆನ್ನಾಗಿದೆ. ಒಂದು ಹನಿ ರಕ್ತ, ಅದರ ಮೇಲೆ ದ್ರಾವಣ; ಹತ್ತು ನಿಮಿಷದೊಳಗೆ ‘ಟಿ’ ಅಕ್ಷರದ ಪಕ್ಕ ತಿಳಿಗೆಂಪು ಗೆರೆ ಮೂಡಿತು. ವೈದ್ಯರು ಚೀಟಿಯಲ್ಲಿ ‘ಎಫ್‌ಐಪಿ ಪಾಸಿಟಿವ್’ ಎಂದು ಬರೆದರು, ಅಂದರೆ ಫೆಲೈನ್ ಇನ್ಫೆಕ್ಷಿಯಸ್ ಪೆರಿಟೋನೈಟಿಸ್ ಎಂಬ ಬೆಕ್ಕಿನ ಮಾರಕ ಕಾಯಿಲೆ ಇದೆ ಎಂದು. ನನ್ನ ತಕರಾರು ಇರುವುದು ಇಲ್ಲೇ. ಬೆಕ್ಕಿಗೆ ಯಾವಾಗಲೋ ಬೆಕ್ಕಿನ ಕೊರೊನಾ ವೈರಸ್ (ಕೋವಿಡ್‌ನದ್ದಲ್ಲ) ತಗುಲಿ, ದೇಹ ಪ್ರತಿಕಾಯ (ಆಂಟಿಬಾಡಿ) ತಯಾರಿಸಿದೆ ಎನ್ನುವುದಷ್ಟೇ ಆ ಗೆರೆಯ ಅರ್ಥ. ಒಂದೇ ಲಿಟರ್ ಬಾಕ್ಸ್ (ಮಲಮೂತ್ರದ ತಟ್ಟೆ) ಬಳಸುವ ಹಲವು ಬೆಕ್ಕುಗಳ ಮನೆಯಲ್ಲಿ ಬಹುಪಾಲು ಬೆಕ್ಕುಗಳಿಗೆ ಈ ಸೋಂಕು ಬಂದುಹೋಗಿರುತ್ತದೆ. ಭೇದಿಯಾದರೆ ಅದೇ ಹೆಚ್ಚು. ಕರುಳಿನ ವೈರಸ್ ರೂಪಾಂತರಗೊಂಡು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣಗಳೊಳಗೆ ಬೆಳೆಯಲು ಕಲಿತಾಗ ಮಾತ್ರ ಅದು ಎಫ್‌ಐಪಿ ಆಗುತ್ತದೆ, ಅದೂ ಸೋಂಕಿತ ಬೆಕ್ಕುಗಳ ಪೈಕಿ ಸುಮಾರು ಶೇ. 5ರಿಂದ 10ರಷ್ಟಕ್ಕೆ. ಕಿಟ್ ಇವೆರಡನ್ನು ಬೇರ್ಪಡಿಸಲಾರದು. ಹಟಕ್ಕೆ ಬಿದ್ದು ನಮ್ಮ ಹಿರಿಯ ಬೆಕ್ಕಿಗೂ ಪರೀಕ್ಷೆ ಮಾಡಿಸಿದೆ. ಗೆರೆ ಇನ್ನೂ ಗಾಢವಾಗಿ ಮೂಡಿತು, ಆದರೆ ಆ ಬೆಕ್ಕು ಅಂದು ಸಂಜೆಯೂ ಎಂದಿನಂತೆ ಪಾರಿವಾಳಕ್ಕೆ ಹೊಂಚುಹಾಕುತ್ತಿತ್ತು. ಇದರ ತಿರುಗುಮುರುಗೂ ಉಂಟು: ಹೊಟ್ಟೆಯಲ್ಲಿ ನೀರು ತುಂಬಿದ ಬೆಕ್ಕಿನಲ್ಲಿ ಪ್ರತಿಕಾಯಗಳು ವೈರಸ್‌ಗೆ ಅಂಟಿಕೊಂಡು ಗೆರೆಯೇ ಮೂಡದಿರಬಹುದು.

ಎರಡನೆಯ ವೈದ್ಯೆ ಹೊಟ್ಟೆಯಿಂದ ಸಿರಿಂಜ್‌ನಲ್ಲಿ ನೀರು ತೆಗೆದರು. ಒಣಹುಲ್ಲಿನ ಹಳದಿ, ಬೆರಳಿಗೆ ಅಂಟುವಂಥದ್ದು. ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಅಸಿಟಿಕ್ ಆಮ್ಲ ಬೆರೆಸಿ, ಅದರ ಮೇಲೆ ಆ ದ್ರವದ ಹನಿ ಬಿಟ್ಟಾಗ ಅದು ಕರಗದೆ ಎಳೆ ಬಿಟ್ಟುಕೊಂಡು ನಿಧಾನವಾಗಿ ಕೆಳಗಿಳಿಯಿತು. ಇದು ರಿವಾಲ್ಟಾ ಪರೀಕ್ಷೆ, ಖರ್ಚು ನಗಣ್ಯ. “ಇದೊಂದರಿಂದಲೇ ತೀರ್ಮಾನಿಸುವುದಿಲ್ಲ, ಆದರೆ ಹನಿ ಕರಗಿದ್ದರೆ ಎಫ್‌ಐಪಿ ಅನುಮಾನವನ್ನು ಬಹುತೇಕ ಬಿಡುತ್ತಿದ್ದೆ” ಎಂದರು. ರಕ್ತದ ಆಲ್ಬುಮಿನ್, ಗ್ಲೋಬುಲಿನ್ ಎಂಬ ಪ್ರೋಟೀನ್‌ಗಳ ಅನುಪಾತವೂ 0.3 ಬಂತು, 0.4ಕ್ಕಿಂತ ಕಡಿಮೆಯಿದ್ದರೆ ಅನುಮಾನ ಬಲವಾಗುತ್ತದಂತೆ.

ಹಾಗಾದರೆ ಮೊದಲ ಚೀಟಿ ಸರಿಯೇ ಇತ್ತಲ್ಲ ಎನ್ನಬಹುದು. ಕಾಕತಾಳೀಯವಾಗಿ ಸರಿಯಿತ್ತು, ಅಷ್ಟೆ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ನೀಲ್ಸ್ ಪೆಡರ್ಸನ್ ತಂಡ ಜಿಎಸ್-441524 ಔಷಧಿಯನ್ನು ಈ ಕಾಯಿಲೆಯ 31 ಬೆಕ್ಕುಗಳಿಗೆ ಕೊಟ್ಟಿತು. ಕನಿಷ್ಠ 12 ವಾರಗಳ ಚಿಕಿತ್ಸೆಯನ್ನು 26 ಬೆಕ್ಕುಗಳು ಮುಗಿಸಿದವು. ಅದಕ್ಕೆ ಮೊದಲು ಎಫ್‌ಐಪಿ ಎಂದರೆ ಸಾವೇ ಎಂಬಂತಿತ್ತು. 84 ದಿನಗಳ ದುಬಾರಿ ಚಿಕಿತ್ಸೆ ಶುರುಮಾಡುವುದಕ್ಕಾಗಲಿ, ಆಸೆ ಕೈಬಿಡುವುದಕ್ಕಾಗಲಿ ಈ ಗೆರೆ ಆಧಾರವಾಗಬಾರದು. ನಮ್ಮ ಬೆಕ್ಕಿಗೆ ಇವತ್ತು 61ನೆಯ ದಿನ. ಹೊಟ್ಟೆ ಇಳಿದಿದೆ, ಮೀನಿನ ವಾಸನೆಗೆ ಓಡಿಬರುತ್ತದೆ.

ಸೋಂಕಿಲ್ಲದ ಬೆಕ್ಕುಗಳ ಮನೆಗೆ ಹೊಸದನ್ನು ತರುವ ಮೊದಲು ಪರೀಕ್ಷಿಸಲು ಈ ಕಿಟ್ ನಿಜಕ್ಕೂ ಉಪಯುಕ್ತ. ಅದಕ್ಕಾಗಿ ಐದರಲ್ಲಿ ಎರಡು ನಕ್ಷತ್ರ. ಫಲಿತಾಂಶದಿಂದಲೇ ಎಫ್‌ಐಪಿ ನಿರ್ಧರಿಸಬಾರದೆಂಬ ಸೂಚನೆ ಒಳಗಿನ ಹಾಳೆಯ ಸಣ್ಣ ಅಕ್ಷರಗಳಲ್ಲಿದೆ. ಅದನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಿದ್ದರೆ ಮೂರನೆಯದನ್ನೂ ಕೊಡುತ್ತಿದ್ದೆ.