ಕಸ್ಟಮ್ ರೆಸಲ್ಯೂಷನ್: ಎನ್‌ವಿಡಿಯಾ, ಎಎಂಡಿ, ಇಂಟೆಲ್, ಸಿಆರ್‌ಯು – ಯಾವ ಕೆಲಸಕ್ಕೆ ಯಾವುದು?

ವಿಂಡೋಸಿನ ಪಟ್ಟಿಯಲ್ಲಿ ಇಲ್ಲದ ರೆಸಲ್ಯೂಷನ್ ಬೇಕೆಂದಾಗ ನಾಲ್ಕು ದಾರಿಗಳಿವೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್, ಎಎಂಡಿಯ ಅಡ್ರಿನಲಿನ್, ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರ್, ಇನ್ನೊಂದು, ಯಾವ ಗ್ರಾಫಿಕ್ಸ್ ಕಾರ್ಡ್ ಕಂಪನಿಗೂ ಸೇರದ ಸಿಆರ್‌ಯು (ಕಸ್ಟಮ್ ರೆಸಲ್ಯೂಷನ್ ಯುಟಿಲಿಟಿ) ಎಂಬ ಪುಟ್ಟ ಉಚಿತ ತಂತ್ರಾಂಶ. ಇಲ್ಲಿ ಹೋಲಿಸಿರುವುದು ಮೂರು ಕೆಲಸಗಳ ಮೇಲೆ: 1080ಪಿ ಮಾನಿಟರಿನಲ್ಲಿ ಗೇಮ್‌ಗಾಗಿ 1440×1080 ಪಡೆಯುವುದು, 60 ಹರ್ಟ್ಸ್ ಮಾನಿಟರನ್ನು 75ಕ್ಕೆ ಏರಿಸುವುದು, ಅಡಾಪ್ಟರ್ ಹಾಕಿದಾಗ ತನ್ನ ನಿಜವಾದ ರೆಸಲ್ಯೂಷನ್ ತೋರಿಸದ ಮಾನಿಟರಿಗೆ ಅದನ್ನು ಕೊಡಿಸುವುದು.

ತಂತ್ರಾಂಶ ಯಾವುದೇ ಇರಲಿ, ಸೋಲು-ಗೆಲುವು ಬಹುಪಾಲು ತೀರ್ಮಾನವಾಗುವುದು ಪಿಕ್ಸೆಲ್ ಕ್ಲಾಕ್‌ನಲ್ಲಿ. ಪರದೆಯಲ್ಲಿ ಕಾಣುವ 1920×1080 ಜೊತೆಗೆ ಕಾಣದ ಅಂಚನ್ನೂ ಕಾರ್ಡ್ ಕಳುಹಿಸುತ್ತದೆ. ಒಟ್ಟು ಅಗಲ, ಒಟ್ಟು ಎತ್ತರ, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಹೊಸದಾಗುತ್ತದೆ ಎಂಬುದು) ಮೂರನ್ನೂ ಗುಣಿಸಿದರೆ ಪಿಕ್ಸೆಲ್ ಕ್ಲಾಕ್ ಸಿಗುತ್ತದೆ. ಅಂಚು ಎಷ್ಟಿರಬೇಕೆಂದು ಹೇಳುವುದು ಟೈಮಿಂಗ್ ಸ್ಟ್ಯಾಂಡರ್ಡ್. ಅದೇ 1080ಪಿ 60 ಹರ್ಟ್ಸ್‌ಗೆ ಸಿವಿಟಿ ಎಂಬ ಸ್ಟ್ಯಾಂಡರ್ಡ್ ಆರಿಸಿದರೆ ಒಟ್ಟು 2576×1120, ಕ್ಲಾಕ್ 173 ಮೆಗಾಹರ್ಟ್ಸ್. ಟಿವಿಗಳ ಟೈಮಿಂಗ್‌ನಲ್ಲಿ 2200×1125, ಅಂದರೆ 148.5. ಅಂಚನ್ನು ಕಿರಿದಾಗಿಸಿದ ಸಿವಿಟಿ ರಿಡ್ಯೂಸ್ಡ್ ಬ್ಲ್ಯಾಂಕ್‌ನಲ್ಲಿ 2080×1111, ಬರೀ 138.5. ಸಿಂಗಲ್ ಲಿಂಕ್ ಡಿವಿಐ ಮಿತಿ 165 ಮೆಗಾಹರ್ಟ್ಸ್. ಹಾಗಾಗಿ ಸಿವಿಟಿ ಆರಿಸಿದವನಿಗೆ 60 ಹರ್ಟ್ಸೇ ಬರುವುದಿಲ್ಲ, ರಿಡ್ಯೂಸ್ಡ್ ಬ್ಲ್ಯಾಂಕ್ ಆರಿಸಿದವನಿಗೆ 71 ಹರ್ಟ್ಸ್‌ವರೆಗೂ ಜಾಗ ಉಳಿಯುತ್ತದೆ. ಎಚ್‌ಡಿಎಂಐ 1.4ರ ಮಿತಿ 340, ಎಚ್‌ಡಿಎಂಐ 2.0ರದ್ದು 600. ಇವು ಕೇಬಲ್ ಮತ್ತು ಪೋರ್ಟಿನ ಲೆಕ್ಕ. ಮಾನಿಟರ್ ಒಳಗಿನ ಬೋರ್ಡಿಗೆ ಅದರದೇ ಮಿತಿ ಬೇರೆ ಇರುತ್ತದೆ.

ಮೊದಲು ಎನ್‌ವಿಡಿಯಾ. ‘ಚೇಂಜ್ ರೆಸಲ್ಯೂಷನ್’ ಪುಟದಲ್ಲಿ ‘ಕಸ್ಟಮೈಸ್’ ಒತ್ತಿ, ಮಾನಿಟರ್ ತಾನಾಗಿ ಹೇಳದ ರೆಸಲ್ಯೂಷನ್‌ಗಳನ್ನು ಅನುಮತಿಸುವ ಚೌಕಕ್ಕೆ ಗುರುತು ಹಾಕಿ, ‘ಕ್ರಿಯೇಟ್ ಕಸ್ಟಮ್ ರೆಸಲ್ಯೂಷನ್’ ತೆರೆಯಬೇಕು. ಆ ಕಿಟಕಿಯಲ್ಲಿ ಎರಡು ಭಾಗಗಳಿವೆ, ಹೆಚ್ಚಿನವರು ಎಡವುವುದು ಇಲ್ಲೇ. ಮೇಲಿನದು ವಿಂಡೋಸಿಗೆ ಕಾಣಿಸುವ ಅಳತೆ. ಕೆಳಗಿನ ‘ಟೈಮಿಂಗ್’ ಭಾಗದ ‘ಆ್ಯಕ್ಟಿವ್ ಪಿಕ್ಸೆಲ್ಸ್’ ಎಂಬುದು ಕೇಬಲ್ಲಿನಲ್ಲಿ ನಿಜವಾಗಿ ಹೋಗುವ ಅಳತೆ. ಮೇಲೆ 1440×1080, ಕೆಳಗೆ 1920×1080 ಇದ್ದರೆ ಹಿಗ್ಗಿಸುವ ಕೆಲಸ ಕಾರ್ಡಿನದು. ಮಾನಿಟರಿಗೆ ಹೊಸದೇನೂ ತಿಳಿಯುವುದಿಲ್ಲ, ಹಾಗಾಗಿ ತಕರಾರೂ ಇಲ್ಲ. ಎರಡೂ ಕಡೆ 1440 ಇದ್ದರೆ ಮಾನಿಟರ್ ಒಪ್ಪಲೇಬೇಕು, ಒಪ್ಪದಿದ್ದರೆ ‘ಔಟ್ ಆಫ್ ರೇಂಜ್’ ಎಂದು ಕಪ್ಪಾಗುತ್ತದೆ. ಗೇಮ್‌ಗಾಗಿ 4:3 (1440×1080ರ ಅಗಲ-ಎತ್ತರದ ಅನುಪಾತ) ಬೇಕೆನ್ನುವವರಿಗೆ ಮೊದಲನೆಯದೇ ಸಾಕು. ‘ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಅಂಡ್ ಪೊಸಿಷನ್’ ಪುಟದಲ್ಲಿ ‘ಫುಲ್ ಸ್ಕ್ರೀನ್’ ಮತ್ತು ಸ್ಕೇಲಿಂಗ್ ‘ಜಿಪಿಯು’ ಎಂದು ಇಡಿ. ನಡೆಯಿತೋ ಇಲ್ಲವೋ ಎಂದು ವಿಂಡೋಸ್ 11ರ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಯಲ್ಲಿ ನೋಡಬಹುದು: ‘ಡೆಸ್ಕ್‌ಟಾಪ್ ಮೋಡ್’ 1440×1080, ‘ಆ್ಯಕ್ಟಿವ್ ಸಿಗ್ನಲ್ ಮೋಡ್’ 1920×1080 ಎಂದಿದ್ದರೆ ಸ್ಕೇಲಿಂಗ್ ಕಾರ್ಡಿನಲ್ಲೇ ಆಗುತ್ತಿದೆ.

ಎನ್‌ವಿಡಿಯಾದ ದೊಡ್ಡ ಅನುಕೂಲ ‘ಟೆಸ್ಟ್’ ಗುಂಡಿ. ಚಿತ್ರ ಬಾರದಿದ್ದರೆ ಕೈಕಟ್ಟಿ ಕೂತರಾಯಿತು, ಕೆಲವೇ ಸೆಕೆಂಡುಗಳಲ್ಲಿ ಹಳೆಯದಕ್ಕೆ ಮರಳುತ್ತದೆ. ಪ್ರಯೋಗ ಮಾಡುವವರಿಗೆ ಇದಕ್ಕಿಂತ ನಿರಾಳವಾದದ್ದು ಬೇರೆ ಇಲ್ಲ. ಕೊರತೆಯೂ ಇದೆ: ಡ್ರೈವರ್ ಹಾಕುವಾಗ ‘ಕ್ಲೀನ್ ಇನ್‌ಸ್ಟಾಲೇಷನ್’ ಆರಿಸಿದರೆ ಮಾಡಿದ್ದೆಲ್ಲ ಅಳಿಯುತ್ತದೆ, ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಒಳಪರದೆ ಇಂಟೆಲ್ ಅಥವಾ ಎಎಂಡಿ ಚಿಪ್ಪಿಗೆ ಜೋಡಣೆಯಾಗಿದ್ದರೆ ಈ ಪ್ಯಾನೆಲ್ಲಿನಲ್ಲಿ ‘ಡಿಸ್‌ಪ್ಲೇ’ ವಿಭಾಗವೇ ಕಾಣುವುದಿಲ್ಲ. ಅದು ಡ್ರೈವರ್ ದೋಷವಲ್ಲ, ಮರು ಇನ್‌ಸ್ಟಾಲ್ ಮಾಡಿ ಸಮಯ ಕಳೆಯಬೇಡಿ.

ಅಡ್ರಿನಲಿನ್‌ನಲ್ಲಿ ಗೇರ್ ಗುರುತು, ‘ಡಿಸ್‌ಪ್ಲೇ’, ‘ಕಸ್ಟಮ್ ರೆಸಲ್ಯೂಷನ್ಸ್’ ದಾರಿಯಲ್ಲಿ ಹೋಗಿ ಎಚ್ಚರಿಕೆಗೆ ಒಪ್ಪಿಗೆ ಕೊಡಬೇಕು. ಇಲ್ಲಿ ಎಲ್ಲ ಅಂಕಿಗಳೂ ಒಂದೇ ಕಿಟಕಿಯಲ್ಲಿ ಕಣ್ಣಿಗೆ ಬೀಳುತ್ತವೆ, ಪಿಕ್ಸೆಲ್ ಕ್ಲಾಕ್ ಕಿಲೋಹರ್ಟ್ಸ್‌ನಲ್ಲಿ. ಟೈಮಿಂಗ್ ಬಲ್ಲವರಿಗೆ ಇದು ಇಷ್ಟವಾಗುತ್ತದೆ, ಹೊಸಬರಿಗೆ ಗಾಬರಿ. ಮಾನಿಟರ್ ತನ್ನ ಇಡಿಐಡಿಯಲ್ಲಿ ಹೇಳಿಕೊಂಡ ಮಿತಿ ದಾಟಿದರೆ, ಪ್ರಯತ್ನಿಸಿಯೂ ನೋಡದೆ ‘ನಿಮ್ಮ ಪರದೆಗೆ ಹೊಂದುವುದಿಲ್ಲ’ ಎಂಬರ್ಥದ ಸಂದೇಶ ಕೊಟ್ಟು ನಿಂತುಬಿಡುವುದೇ ಹೆಚ್ಚು. ಇಡಿಐಡಿ ಎಂದರೆ ಮಾನಿಟರ್ ತನ್ನ ಬಗ್ಗೆ ಕಾರ್ಡಿಗೆ ಕೊಡುವ ಜಾತಕ. ಅದರಲ್ಲಿ ಬರೆದಿರುವುದಕ್ಕಿಂತ ಹೆಚ್ಚು ಓಡುವ ಮಾನಿಟರುಗಳು ಎಷ್ಟೋ ಇವೆ.

75 ಹರ್ಟ್ಸ್ ಕೆಲಸದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ರಿಡ್ಯೂಸ್ಡ್ ಬ್ಲ್ಯಾಂಕ್‌ನಲ್ಲಿ 1080ಪಿ 75 ಹರ್ಟ್ಸ್‌ಗೆ ಒಟ್ಟು 2080×1119, ಕ್ಲಾಕ್ 174.5. ಮಾನಿಟರಿನ ಮಿತಿ 165 ಅಥವಾ 170 ಆಗಿದ್ದರೆ ಇದು ಸ್ವಲ್ಪದರಲ್ಲೇ ತಪ್ಪಿಹೋಗುತ್ತದೆ. ಆಗ ‘ಮ್ಯಾನ್ಯುಯಲ್’ ಆರಿಸಿ ಅಂಚು ಕತ್ತರಿಸಬೇಕು. ಫ್ರಂಟ್ ಪೋರ್ಚ್, ಸಿಂಕ್, ಬ್ಯಾಕ್ ಪೋರ್ಚ್ ಎಂಬುವು ಆ ಅಂಚಿನ ಮೂರು ಭಾಗಗಳು. ಮೊದಲು ಅಡ್ಡ ಅಂಚು: ಒಟ್ಟು ಅಗಲ 2000, ಅಂದರೆ ಫ್ರಂಟ್ ಪೋರ್ಚ್ 8, ಸಿಂಕ್ ವಿಡ್ತ್ 32, ಉಳಿದ 40 ಬ್ಯಾಕ್ ಪೋರ್ಚ್. ಇಷ್ಟಕ್ಕೇ ಕ್ಲಾಕ್ 167.9ಕ್ಕೆ ಇಳಿಯುತ್ತದೆ. ಇನ್ನೂ ಇಳಿಯಬೇಕಿದ್ದರೆ ಮಾತ್ರ ಒಟ್ಟು ಎತ್ತರವನ್ನು 1096ಕ್ಕೆ ತನ್ನಿ: ಫ್ರಂಟ್ ಪೋರ್ಚ್ 3, ಸಿಂಕ್ 5, ಬ್ಯಾಕ್ ಪೋರ್ಚ್ 8. ಕ್ಲಾಕ್ 164.4. ಸಿಂಕ್ ಸಂಕೇತದ ಪೊಲಾರಿಟಿ ಅಡ್ಡಕ್ಕೆ ಪ್ಲಸ್, ಲಂಬಕ್ಕೆ ಮೈನಸ್.

ಈ ಕ್ರಮಕ್ಕೆ ಕಾರಣವಿದೆ. ಲಂಬ ಅಂಚಿನ ಆ ಕ್ಷಣದಲ್ಲೇ ಕಾರ್ಡ್ ತನ್ನ ಮೆಮೊರಿ ಕ್ಲಾಕ್ ಬದಲಿಸುವುದು. ಅದು ತೀರಾ ಕಿರಿದಾದರೆ ಎಎಂಡಿ ಕಾರ್ಡುಗಳಲ್ಲಿ ಸುಮ್ಮನಿದ್ದಾಗಲೂ ಮೆಮೊರಿ ಪೂರ್ಣ ವೇಗದಲ್ಲೇ ನಿಂತು ಕಾರ್ಡ್ ಬಿಸಿಯಾಗುತ್ತದೆ, ಇಲ್ಲವೇ ಪರದೆ ಮಿನುಗುತ್ತದೆ. ಅಡ್ಡ ಅಂಚು ಅತಿಯಾಗಿ ಕತ್ತರಿಸಿದರೂ ಕಷ್ಟ: ಎಚ್‌ಡಿಎಂಐ ಧ್ವನಿ ಸಾಗುವುದು ಆ ಅಂಚುಗಳಲ್ಲೇ, ಜಾಗ ಸಾಲದಿದ್ದರೆ ಚಿತ್ರ ಸರಿಯಿದ್ದು ಧ್ವನಿ ಮಾಯವಾಗುತ್ತದೆ.

75 ಹರ್ಟ್ಸ್ ಬಂತೆಂದು ಅಲ್ಲಿಗೇ ಬಿಡಬೇಡಿ. ಸಿಗ್ನಲ್ ಒಪ್ಪಿಕೊಂಡು ಒಳಗೊಳಗೇ ಫ್ರೇಮ್ ಬಿಡುವ ಮಾನಿಟರುಗಳು ಬಹಳ. ಒಂದೊಂದು ಫ್ರೇಮಿಗೆ ಒಂದೊಂದು ಚೌಕ ಬೆಳಗುವ ಪರೀಕ್ಷಾ ಪುಟ ತೆರೆದು, ಕ್ಯಾಮೆರಾದ ಶಟರ್ 1/5 ಸೆಕೆಂಡಿಗೆ ಇಟ್ಟು ಫೋಟೊ ತೆಗೆಯಿರಿ. ಸಾಲಾಗಿ ಸುಮಾರು 15 ಚೌಕಗಳು ಬೆಳಗಿರಬೇಕು. ನಡುನಡುವೆ ಖಾಲಿ ಚೌಕ ಕಂಡರೆ ಆ 75 ಬರೀ ಲೇಬಲ್; 60ಕ್ಕೆ ಮರಳುವುದೇ ಮೇಲು.

ಇಂಟೆಲ್ ಬಗ್ಗೆ ಹೇಳಲು ಹೆಚ್ಚಿಲ್ಲ. ‘ಡಿಸ್‌ಪ್ಲೇ’ ಅಡಿಯ ‘ಕಸ್ಟಮ್ ರೆಸಲ್ಯೂಷನ್ಸ್’ನಲ್ಲಿ ಅಗಲ, ಎತ್ತರ, ರಿಫ್ರೆಶ್ ರೇಟ್ ಕೊಟ್ಟು ಟೈಮಿಂಗ್ ಸ್ಟ್ಯಾಂಡರ್ಡ್ ಆರಿಸಬಹುದು. ಬ್ಯಾಂಡ್‌ವಿಡ್ತ್ ಮೀರಿದೆ ಎಂಬ ಸಂದೇಶ ಬಂದರೆ ಸಿವಿಟಿ ಬಿಟ್ಟು ರಿಡ್ಯೂಸ್ಡ್ ಬ್ಲ್ಯಾಂಕ್‌ಗೆ ಹೋಗಿ. ಕಳೆದುಹೋದ ರೆಸಲ್ಯೂಷನ್ ಮರಳಿ ಪಡೆಯುವ ಮೂರನೆಯ ಕೆಲಸಕ್ಕೆ ಇಷ್ಟೇ ಸಾಕಾಗುತ್ತದೆ. ಅದಕ್ಕೂ ಮೊದಲು ಕೇಬಲ್ ಬದಲಿಸಿ ನೋಡಿ: ಇಡಿಐಡಿ ಸಾಗುವ ಪಿನ್ ಸರಿಯಾಗಿ ತಾಗದಿದ್ದರೆ ವಿಂಡೋಸ್ ಮಾನಿಟರನ್ನು ಗುರುತಿಸದೆ 1024×768ರಂಥ ಸಾಮಾನ್ಯ ಅಳತೆಗಳನ್ನಷ್ಟೇ ಕೊಡುತ್ತದೆ. ವಿಜಿಎ ಕೇಬಲ್ಲಿಗೆ ರಿಡ್ಯೂಸ್ಡ್ ಬ್ಲ್ಯಾಂಕ್ ಬದಲು ಡಿಎಂಟಿ (ಇನ್ನೊಂದು ಟೈಮಿಂಗ್ ಸ್ಟ್ಯಾಂಡರ್ಡ್) ಅಥವಾ ಸಿವಿಟಿ ಹಾಕುವುದು ಒಳ್ಳೆಯದು, ಇಲ್ಲದಿದ್ದರೆ ಚಿತ್ರ ಪಕ್ಕಕ್ಕೆ ಸರಿದು ಕೂರಬಹುದು.

ಸಿಆರ್‌ಯು ಬೇರೆ ಜಾತಿಯದು. ಡ್ರೈವರಿಗೆ ಹೊಸ ಮೋಡ್ ಸೇರಿಸುವ ಬದಲು, ಇಡಿಐಡಿಯ ತಿದ್ದಿದ ಪ್ರತಿಯನ್ನು ವಿಂಡೋಸಿನ ರಿಜಿಸ್ಟ್ರಿಯಲ್ಲಿ ಇಡುತ್ತದೆ. ಡ್ರೈವರ್ ಅದನ್ನೇ ಮಾನಿಟರ್ ಹೇಳಿದ್ದೆಂದು ನಂಬುತ್ತದೆ. ಅಡ್ರಿನಲಿನ್ ಬೇಡವೆಂದದ್ದು ಇಲ್ಲಿ ಸಾಧ್ಯವಾಗುವುದು ಇದರಿಂದಲೇ. ಗೇಮಿನ ಫ್ರೇಮ್ ರೇಟ್‌ಗೆ ತಕ್ಕಂತೆ ಮಾನಿಟರಿನ ರಿಫ್ರೆಶ್ ರೇಟ್ ಬದಲಿಸುವ ಫ್ರೀಸಿಂಕ್‌ನ ವ್ಯಾಪ್ತಿಯನ್ನೂ ತಿದ್ದಬಹುದು: 48–75 ಇದ್ದದ್ದನ್ನು 37–75 ಮಾಡಿದರೆ ಮೇಲಿನ ಮಿತಿ ಕೆಳಗಿನದರ ಎರಡು ಪಟ್ಟು ದಾಟುವುದರಿಂದ, ಫ್ರೇಮ್ ರೇಟ್ ಕುಸಿದಾಗ ಫ್ರೇಮ್ ದ್ವಿಗುಣಗೊಳಿಸುವ ಸೌಲಭ್ಯಕ್ಕೆ ದಾರಿಯಾಗುತ್ತದೆ. ಕೆಳಗಿನ ತುದಿಯಲ್ಲಿ ಬೆಳಕು ಮಿನುಗಿದರೆ ಒಂದೆರಡು ಅಂಕಿ ಮೇಲಕ್ಕೆ ತನ್ನಿ.

ಇದಕ್ಕೆ ಟೆಸ್ಟ್ ಗುಂಡಿ ಇಲ್ಲ. ಸೇರಿಸಿ, ಓಕೆ ಒತ್ತಿ, ಜೊತೆಗೆ ಬರುವ ‘ರೀಸ್ಟಾರ್ಟ್’ ಕಡತ ಓಡಿಸಿದರೆ ಡ್ರೈವರ್ ಮರು ಆರಂಭವಾಗುತ್ತದೆ. ಹದಿನೈದು ಸೆಕೆಂಡಾದರೂ ಪರದೆ ಬಾರದಿದ್ದರೆ ಎಫ್8 ಒತ್ತಿ, ತಿದ್ದುಪಡಿಗಳು ತಾತ್ಕಾಲಿಕವಾಗಿ ಪಕ್ಕಕ್ಕೆ ಹೋಗುತ್ತವೆ. ಅದೂ ಫಲಿಸದಿದ್ದರೆ ಸೇಫ್ ಮೋಡ್‌ಗೆ ಹೋಗಿ ‘ರೀಸೆಟ್ ಆಲ್’ ಓಡಿಸಬೇಕು. ಪಟ್ಟಿಯ ಮೊದಲ ಡೀಟೇಲ್ಡ್ ರೆಸಲ್ಯೂಷನ್ ಮಾನಿಟರಿನ ನೇಟಿವ್ ಅಳತೆ, ಅದನ್ನು ಅಳಿಸಬೇಡಿ. ಮಾನಿಟರನ್ನು ಬೇರೆ ಪೋರ್ಟಿಗೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಬೇರೆಯದೆಂದೇ ಎಣಿಸುತ್ತದೆ, ತಿದ್ದುಪಡಿ ಮತ್ತೆ ಮಾಡಬೇಕು.

ನನ್ನ ಆಯ್ಕೆ ಹೀಗಿದೆ: 4:3 ಗೇಮಿಗೆ ಎನ್‌ವಿಡಿಯಾ ಇದ್ದರೆ ಅದರ ಪ್ಯಾನೆಲ್ಲೇ, ಬೇರೇನೂ ಬೇಡ. 75 ಹರ್ಟ್ಸ್‌ಗೆ ಎಎಂಡಿ ಇದ್ದರೆ ನೇರ ಸಿಆರ್‌ಯು. ಅಡ್ರಿನಲಿನ್ ಜೊತೆ ಗುದ್ದಾಡುವುದರಲ್ಲಿ ಲಾಭವಿಲ್ಲ. ಎನ್‌ವಿಡಿಯಾ ಕಾರ್ಡಿನಲ್ಲಿ ಮೊದಲು ಟೆಸ್ಟ್ ಗುಂಡಿಯಿಂದ ಓಡುವ ಅಂಕಿಗಳನ್ನು ಕಂಡುಕೊಂಡು, ಅವನ್ನೇ ಸಿಆರ್‌ಯುಗೆ ಹಾಕಿಡಬಹುದು. ನೇಟಿವ್‌ಗಿಂತ ದೊಡ್ಡ ರೆಸಲ್ಯೂಷನ್‌ನಲ್ಲಿ ಗೇಮ್ ಆಡಬೇಕೆನ್ನುವವರು ಮಾತ್ರ ಈ ನಾಲ್ಕರ ಗೋಜಿಗೂ ಬರಬೇಕಿಲ್ಲ: ಎನ್‌ವಿಡಿಯಾದಲ್ಲಿ ಡಿಎಸ್ಆರ್, ಎಎಂಡಿಯಲ್ಲಿ ವಿಎಸ್ಆರ್ ಆನ್ ಮಾಡಿದರೆ ಕಾರ್ಡ್ ದೊಡ್ಡದಾಗಿ ಬಿಡಿಸಿ ಕುಗ್ಗಿಸಿ ಕಳುಹಿಸುತ್ತದೆ, ಪಿಕ್ಸೆಲ್ ಕ್ಲಾಕ್ ಇದ್ದಲ್ಲೇ ಇರುತ್ತದೆ. ಡಿಎಸ್ಆರ್‌ನಲ್ಲಿ 4.00 ಆರಿಸಿದರೆ ಅಗಲ-ಎತ್ತರ ಎರಡೂ ಸರಿಯಾಗಿ ದುಪ್ಪಟ್ಟು ಆಗುವುದರಿಂದ ಅಕ್ಷರಗಳು ಮಸುಕಾಗುವುದು ಉಳಿದ ಹಂತಗಳಿಗಿಂತ ಕಡಿಮೆ.